ಕ್ಲಚ್ಚಮ್ಮನ ಬಾಗಿಲು

ಗ್ಯಾರೇಜಿನ ಬಾಗಿಲು ಬಿದ್ದ ದಿನವೇ ಮನೆಯ ನ್ಯಾಯಾಲಯ ಸೇರಿ ತೀರ್ಪನ್ನೂ ಕೊಟ್ಟು ಎದ್ದಿತ್ತು: ಅಮ್ಮ ಗುದ್ದಿದ್ದು. ನ್ಯಾಯಾಲಯವೆಂದರೆ ದೊಡ್ಡದೇನಲ್ಲ, ಮಗ ಮತ್ತು ಸೊಸೆ. ಆರೋಪಿಯಾದ ಅಮ್ಮ ಊಟದ ಮೇಜಿನ ಆ ತುದಿಯಲ್ಲಿ ಕೂತು, ತನ್ನ ಬಲಗಾಲನ್ನು ಅದು ಯಾರದೋ ಕಾಲು ಎಂಬಂತೆ ನೋಡಿಕೊಳ್ಳುತ್ತಿದ್ದಳು.

ಅದು ಅಂಥಿಂಥ ಕಾಲಲ್ಲ. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಕಾಲು. ಕಲಿಯುವವರು ತಪ್ಪು ಮಾಡಿದಾಗಲೆಲ್ಲ ಪಕ್ಕದ ಸೀಟಿನಿಂದ "ಕ್ಲಚ್ಚು! ಕ್ಲಚ್ಚು ಒತ್ತು!" ಎಂದು ಕೂಗಿ ಕೂಗಿ ಅವಳಿಗೆ ಕ್ಲಚ್ಚಮ್ಮ ಎಂಬ ಹೆಸರೇ ನಿಂತುಬಿಟ್ಟಿತ್ತು. ಹುಟ್ಟಿದಾಗ ಇಟ್ಟ ಹೆಸರಿನಿಂದ ಅವಳನ್ನು ಈಗ ಬ್ಯಾಂಕಿನವರು ಬಿಟ್ಟರೆ ಬೇರೆ ಯಾರೂ ಕರೆಯುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೂ ಕಲಿಸುವ ಕಾರನ್ನು ಅವಳು ಮಾರಿರಲಿಲ್ಲ. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುವ ಆ ಸಣ್ಣ ಕಾರು ಗ್ಯಾರೇಜಿನಲ್ಲಿ ಬೀದಿಗೆ ಮುಖ ಮಾಡಿ ನಿಂತಿರುತ್ತಿತ್ತು. ಬೆಳಗಿನ ಚಹಾ ಮುಗಿಸಿ, ಮನಸ್ಸು ಬಂದ ಕಡೆ ಒಂದು ಸುತ್ತು ಹೊಡೆದು ಬಂದರೇ ಅವಳಿಗೆ ದಿನ ಶುರುವಾದ ಹಾಗೆ.

ಎಪ್ಪತ್ತು ದಾಟಿದ ಮೇಲೂ ಅವಳ ಎದುರಿಗೆ ನಿಂತು 'ಬೇಡ' ಎನ್ನುವ ಗಂಡೆದೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೊಂದು ಹಿನ್ನೆಲೆಯಿದೆ. ಪಾಠ ನಡೆಯುವಾಗ 'ನನ್ನ ಕೈಲಾಗಲ್ಲ, ಬೇಡ' ಎಂದವರನ್ನು ಕ್ಲಚ್ಚಮ್ಮ ಅಲ್ಲೇ ರಸ್ತೆ ಬದಿಗೆ ಇಳಿಸಿ, ನಡೆದುಕೊಂಡು ಮನೆಗೆ ಹೋಗಿ ಎನ್ನುತ್ತಿದ್ದಳು. ಮಗನೂ ಸೊಸೆಯೂ ಅವಳ ಹತ್ತಿರವೇ ಕಲಿತವರು. ಇಬ್ಬರೂ ಒಂದೊಂದು ಸಲ ನಡೆದುಕೊಂಡು ಬಂದವರು. ಹಾಗಾಗಿ ಆ ಮನೆಯಲ್ಲಿ 'ಬೇಡ' ಎನ್ನುವುದಕ್ಕೆ ಬೇರೊಂದು ಮಾತು ಬಳಕೆಗೆ ಬಂದಿತ್ತು: 'ನೋಡೋಣ'. ಬೀಸುವ ದೊಣ್ಣೆಯಿಂದ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಮಗ ಚಿರಂಜೀವಿ.

ಬಾಗಿಲು ಬಿದ್ದದ್ದು ಹೀಗೆ. ಮನೆ ಹಳೆಯದು, ಗ್ಯಾರೇಜು ಅದಕ್ಕಿಂತ ತುಸು ಹಳೆಯದರಂತೆ ಕಾಣುತ್ತಿತ್ತು. ಬಾಗಿಲೋ, ಒಂದೇ ಹಲಗೆಯಂಥ ಭಾರೀ ಮರದ್ದು. ಕೆಳಗಿನಿಂದ ಹಿಡಿದೆತ್ತಿದರೆ ಇಡೀ ಬಾಗಿಲು ಮಗುಚಿಕೊಂಡು ಮೇಲೆ ಹೋಗಿ ತಲೆಯ ಮೇಲೆ ಚಾವಣಿಯಂತೆ ನಿಲ್ಲುತ್ತಿತ್ತು. ಅದನ್ನು ಅಲ್ಲಿ ಹಿಡಿದಿಡುತ್ತಿದ್ದದ್ದು ಅಕ್ಕಪಕ್ಕದ ಎರಡು ಸ್ಪ್ರಿಂಗು. ಮರದ ಕೆಳಅಂಚು ನೀರು ಕುಡಿದು ಕುಡಿದು ಬಿಸ್ಕತ್ತಿನಂತೆ ಉದುರುತ್ತಿತ್ತು. ಬದಲಾಯಿಸಬೇಕು ಎಂದು ಅಮ್ಮ ಹೇಳುತ್ತಲೇ ಇದ್ದಳು, ಮಗ ನೋಡೋಣ ಎನ್ನುತ್ತಲೇ ಇದ್ದ. ಆ ಬೆಳಿಗ್ಗೆ ಅವಳು ಕಾರನ್ನು ಹೊರಗೆ ತೆಗೆಯುವಾಗ ಢಮಾರ್ ಎಂದಿತು. ಮುಂದಿನ ಗಾಜಿನ ತುಂಬ ಮರವೇ ಮರ. ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ. ಮಗ ಓಡಿಬಂದ. ಕಾರನ್ನು ಹಿಂದಕ್ಕೆ ತಳ್ಳಿ, ಬಾಗಿಲನ್ನು ಹೇಗೋ ಎಳೆದು ಮುಚ್ಚಿ, ಒಂದು ತೊಲೆ ಆನಿಸಿದರು. ಅಂದಿನಿಂದ ಕಾರು ಒಳಗೇ ಉಳಿಯಿತು.

"ಬ್ರೇಕು ಅಂದ್ಕೊಂಡು ಆಕ್ಸಿಲರೇಟರ್ ಒತ್ತಿರ್ಬೇಕು ಬಿಡಮ್ಮ. ವಯಸ್ಸಾದ ಮೇಲೆ ಎಲ್ಲರಿಗೂ ಆಗುತ್ತೆ," ಎಂದ ಮಗ, ಬಹಳ ಪ್ರೀತಿಯಿಂದ.

ಈ 'ಬಿಡಮ್ಮ' ಎನ್ನುವುದು ಬೈಗುಳಕ್ಕಿಂತ ಕೆಟ್ಟದ್ದು. ಬೈದರೆ ತಿರುಗಿ ಬೈಯಬಹುದು. ಕ್ಲಚ್ಚಮ್ಮ ಜೀವನದಲ್ಲಿ ಮೊದಲ ಸಲ ತನ್ನ ಕಾಲಿನ ಮೇಲೇ ಸಂಶಯಪಟ್ಟಳು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳಲು ಶುರುಮಾಡಿದಳು. ಬಾಗಿಲು ಯಾವಾಗ ಹಾಕಿಸ್ತೀಯ ಎಂದು ಕೇಳುವ ಧ್ವನಿಯೂ ಸಣ್ಣದಾಯಿತು. ಮಗನ ಹತ್ತಿರ ಕಾರಣಗಳಿಗೇನು ಬರ? ಒಂದು ವಾರ ಅಂಥ ಮರ ಸಿಗುತ್ತಿಲ್ಲ, ಇನ್ನೊಂದು ವಾರ ಒಳ್ಳೆಯ ಕೆಲಸದವರು ಸಿಗುತ್ತಿಲ್ಲ, ಅದರ ಮುಂದಿನ ವಾರ ಎರಡೂ ಸಿಕ್ಕಿತು, ಆದರೆ ಅವನಿಗೇ ಬಿಡುವು ಸಿಗಲಿಲ್ಲ.

"ನೀವು ಎಲ್ಲಿಗೆ ಹೋಗ್ಬೇಕು ಹೇಳಿ ಅತ್ತೆ, ನಾನು ಕರ್ಕೊಂಡು ಹೋಗ್ತೀನಿ," ಎನ್ನುತ್ತಿದ್ದಳು ಸೊಸೆ. ಒಳ್ಳೆಯ ಹುಡುಗಿ, ಹುಡುಗಿ ಅಂದರೆ ಐವತ್ತರ ಹತ್ತಿರ.

"ಎಲ್ಲಿಗೂ ಇಲ್ಲ."

"ಮತ್ತೆ ಕಾರು ಯಾಕೆ?"

"ಹೋಗೋಕೆ," ಎಂದಳು ಕ್ಲಚ್ಚಮ್ಮ.

ಇದು ಸೊಸೆಗೆ ಅರ್ಥವಾಗಲಿಲ್ಲ. ಯಾರಾದರೂ ಕರೆದುಕೊಂಡು ಹೋದರೆ ಅದು ತಲುಪುವುದು, ಹೋಗುವುದಲ್ಲ. ಇದನ್ನು ಬಿಡಿಸಿ ಹೇಳುವ ಉತ್ಸಾಹ ಕ್ಲಚ್ಚಮ್ಮನಿಗೂ ಆಗ ಇರಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ, ಅಡುಗೆಮನೆಯ ಪಕ್ಕದ ಸಣ್ಣ ಬಾಗಿಲಿನಿಂದ ಅವಳು ಗ್ಯಾರೇಜಿಗೆ ಇಳಿದಳು. ದೀಪ ಹಾಕಿ, ಕಾರಿನ ಧೂಳು ಒರೆಸತೊಡಗಿದಳು. ಒರೆಸುತ್ತ ಒರೆಸುತ್ತ ಬಾನೆಟ್ಟಿನ ಮೇಲೆ ಕೈ ನಿಂತಿತು. ಅಲ್ಲೊಂದು ಉದ್ದನೆಯ ತಗ್ಗು, ಅಡ್ಡಕ್ಕೆ, ಯಾರೋ ಮೇಲಿನಿಂದ ಒನಕೆಯಲ್ಲಿ ಜಜ್ಜಿದ ಹಾಗೆ. ಅವಳು ಬಗ್ಗಿ ಮುಂದಿನ ಬಂಪರು ನೋಡಿದಳು. ನಂಬರ್ ಪ್ಲೇಟು ನೋಡಿದಳು. ದೀಪಗಳ ಗಾಜು ನೋಡಿದಳು. ಒಂದು ಗೀರೂ ಇರಲಿಲ್ಲ.

ಅವಳು ಬಟ್ಟೆಯನ್ನು ಅಲ್ಲೇ ಬಿಟ್ಟು ಡ್ರೈವರ್ ಸೀಟಿನಲ್ಲಿ ಕೂತಳು. ಬಾಗಿಲಿಗೆ ಗುದ್ದಿದ ಕಾರಿನ ಮೂತಿ ಜಜ್ಜಿರಬೇಕು. ತಲೆಯ ಮೇಲೆ ಪೆಟ್ಟು ತಿಂದ ಕಾರು ಗುದ್ದಿದ ಕಾರಲ್ಲ, ಗುದ್ದಿಸಿಕೊಂಡದ್ದು. ಎದ್ದು ಹೋಗಿ ಬಾಗಿಲಿನ ಪಕ್ಕದ ಸ್ಪ್ರಿಂಗು ಹುಡುಕಿದಳು. ಎಡಗಡೆಯದು ನಡುವೆ ತುಂಡಾಗಿ ನೇತಾಡುತ್ತಿತ್ತು. ತುಂಡಾದ ತುದಿಯ ತುಂಬ ತುಕ್ಕು. ಸ್ಪ್ರಿಂಗು ಮುರಿದಿದೆ, ಬಾಗಿಲು ಕಾರಿನ ಮೇಲೆ ಬಿದ್ದಿದೆ. ಇಷ್ಟೇ. ಅವಳ ಕಾಲು ಒತ್ತಬೇಕಾದ್ದನ್ನೇ ಒತ್ತಿತ್ತು. ಅಲ್ಲೇ ನಿಂತು ಅವಳು ಜೋರಾಗಿ ನಕ್ಕಳು, ಆಮೇಲೆ ಸ್ವಲ್ಪ ಹೊತ್ತು ಅತ್ತಳು, ಆಮೇಲೆ ವಿಪರೀತ ಸಿಟ್ಟು ಬಂತು. ಮೆಟ್ಟಿಲು ಹತ್ತಿ ಬರುವಾಗ ಗೋಡೆ ಹಿಡಿಯಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದಳು. ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನು ಬಾಯಿ ಬಿಟ್ಟು ಹೇಳದಿದ್ದರೂ ಮುಖದಲ್ಲಿ ಅದನ್ನೇ ತೋರಿಸಿದ.

"ಹೋಗ್ಲಿ ಬಿಡಮ್ಮ, ಈಗ ಯಾರು ಕೇಳಿದ್ರು ಅದನ್ನ."

"ನಾನು ಕೇಳ್ತಾ ಇದೀನಿ. ಹೊಸ ಬಾಗಿಲು ಯಾವಾಗ?"

"ನೋಡೋಣ."

"ನೀನು ನೋಡ್ತಾ ಇರು. ಬಾಗಿಲಿನವನು ನಾಳೆ ಬರ್ತಾನೆ. ನಾನೇ ಕರೆದಿದ್ದೀನಿ."

ಬಾಗಿಲಿನವನು ಬಂದ. ಎತ್ತರದ, ಬಾಯಿ ಮುಚ್ಚದ ಮನುಷ್ಯ. ಟೇಪು ಹಿಡಿದು ಮೇಲೆ ಕೆಳಗೆ ಅಳೆದು, ಗ್ಯಾರೇಜಿನ ಒಂದು ಮೂಲೆ ಇನ್ನೊಂದಕ್ಕಿಂತ ನಾಲ್ಕು ಬೆರಳು ತಗ್ಗು ಎಂದು ಘೋಷಿಸಿದ. ನೆಲ ನಿಜವಾಗಿಯೂ ಡೊಂಕಿತ್ತು. ಕ್ಲಚ್ಚಮ್ಮ ಮಗನ ಕಡೆ ಒಮ್ಮೆ ನೋಡಿದಳು. ಉಕ್ಕಿನ ಬಾಗಿಲು ಹಾಕೋಣ ಎಂದ ಅವನು. ಅಡ್ಡಪಟ್ಟಿಗಳನ್ನು ಕೀಲಿನಿಂದ ಜೋಡಿಸಿದ್ದು, ಕಂಬಿಯ ಮೇಲೆ ಉರುಳಿಕೊಂಡು ಹೋಗಿ ಚಾವಣಿಯ ಕೆಳಗೆ ಮಲಗುತ್ತದೆ. ಸ್ಪ್ರಿಂಗು ಸರಿಯಾಗಿ ಕೂತರೆ ಒಂದು ಕೈಯಲ್ಲಿ ಎತ್ತಬಹುದು. ಡೊಂಕು ನೆಲಕ್ಕೆ ಕೆಳಗೆ ಸಿಮೆಂಟಿನ ಒಂದು ಸಣ್ಣ ಏರು, ಅದರ ಮೇಲೆ ರಬ್ಬರು. ಕ್ಲಚ್ಚಮ್ಮ ಬೂದು ಬಣ್ಣ ಆರಿಸಿದಳು. ಕೈಯಲ್ಲಿ ಎತ್ತುವುದೇ ಸಾಕು, ಮೋಟರು ಗೀಟರು ಬೇಡ ಎಂದಳು.

ಇದ್ದಕ್ಕಿದ್ದಂತೆ ಮಗನಿಗೆ ಹುರುಪು ಬಂತು. "ಅಮ್ಮಾ, ಇಷ್ಟು ದಿನ ಕಾಯಿಸಿದ್ದೀನಿ. ಇದು ನನ್ನ ಕಡೆಯಿಂದ ನಿನಗೆ ಉಡುಗೊರೆ. ಪೂರ್ತಿ ನಂಗೆ ಬಿಡು," ಎಂದ. ಬಾಗಿಲಿನವನನ್ನು ಕಳಿಸಿಕೊಡಲು ಗೇಟಿನ ತನಕ ಹೋದವನು ಅಲ್ಲಿ ಬಹಳ ಹೊತ್ತು ನಿಂತು ಮಾತಾಡಿದ. ಕಿಟಕಿಯಿಂದ ನೋಡುತ್ತಿದ್ದ ಅವಳಿಗೆ ಹೊಟ್ಟೆ ತಂಪಾಯಿತು. ಎಷ್ಟಾದರೂ ನನ್ನ ಮಗ, ಬುದ್ಧಿ ತಡವಾಗಿ ಬಂದರೂ ಬಂತಲ್ಲ ಎಂದುಕೊಂಡಳು. ಊರಿಗೆಲ್ಲ ಕನ್ನಡಿ ನೋಡಲು ಕಲಿಸಿದವಳಿಗೆ ಸ್ವಂತ ಮಗನ ಬೆನ್ನ ಹಿಂದೆ ಏನಿದೆ ಎಂದು ಕಾಣಲಿಲ್ಲ.

ಹಳೆಯ ಬಾಗಿಲನ್ನು ಇಳಿಸುವುದೇ ಒಂದು ದಿನದ ಕೆಲಸವಾಯಿತು. ಮೊಳೆಗಳು ಮರದೊಳಗೆ ಕರಗಿಹೋಗಿದ್ದವು. ಕೊನೆಗೆ ಗರಗಸದಲ್ಲಿ ತುಂಡು ಮಾಡಿ ಹೊತ್ತೊಯ್ದರು. ಮರುದಿನ ಕಂಬಿಗಳು ಬಂದವು, ಪಟ್ಟಿಗಳು ಒಂದರ ಮೇಲೊಂದು ಕೂತವು. ಚಾವಣಿಯ ನಡುವೆ ಮೋಟರಿನ ಒಂದು ಕಪ್ಪು ಪೆಟ್ಟಿಗೆಯೂ ಕೂತಿತು. ಸಂಜೆ ಮಗ ಎಲ್ಲರನ್ನೂ ಕರೆದು ನಿಲ್ಲಿಸಿ, ಜೇಬಿನಿಂದ ಫೋನು ತೆಗೆದು ಬೆರಳಿಟ್ಟ. ಬಾಗಿಲು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೇಲೆ ಹೋಯಿತು. ಸೊಸೆ ಚಪ್ಪಾಳೆ ತಟ್ಟಿದಳು.

"ಈಗ ಕಾರು ತೆಗೀಲಾ?" ಎಂದಳು ಕ್ಲಚ್ಚಮ್ಮ.

"ಕೆಳಗೆ ಸಿಮೆಂಟು ಇನ್ನೂ ಹಸಿ ಅಮ್ಮ. ಒಂದೆರಡು ದಿನ ಹೋಗ್ಲಿ." ಬಾಗಿಲು ಇಳಿಯಿತು.

"ಸರಿ. ನನ್ನ ಫೋನಿಗೂ ಅದನ್ನ ಹಾಕಿಕೊಡು."

"ನಿನ್ನ ಫೋನು ಹಳೇದಮ್ಮ, ಅದಕ್ಕೆ ಒಗ್ಗಲ್ಲ."

"ಹಾಗಾದ್ರೆ ಗೋಡೆ ಮೇಲೆ ಗುಂಡಿ ಇರುತ್ತಲ್ಲ, ಅದೆಲ್ಲಿ?"

"ಗುಂಡಿ ಬೇಡ ಅಂದೆ. ಮಕ್ಕಳು ಮರಿ ಒತ್ತಿಬಿಟ್ರೆ ಕಷ್ಟ."

"ಈ ಮನೇಲಿ ಮಕ್ಕಳು ಯಾರಪ್ಪ?"

ಮಗ ಫೋನನ್ನು ಒರೆಸಿ ಜೇಬಿಗಿಟ್ಟುಕೊಂಡ. "ನಾನಿದ್ದೀನಲ್ಲಮ್ಮ. ನಿಂಗೆ ಯಾವಾಗ ಬೇಕೋ ಒಂದು ಫೋನ್ ಮಾಡು. ನಾನು ಆಫೀಸಲ್ಲಿ ಕೂತೇ ತೆಗೆದು ಕೊಡ್ತೀನಿ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬಾಗಿಲು ಹಾಕಿಸಿಲ್ಲ ಎಂದು ಇನ್ನು ಯಾರೂ ಅವನನ್ನು ಬೈಯುವಂತಿಲ್ಲ. ಮೂಗಿಗೆ ತುಪ್ಪ ಸವರಿಸಿಕೊಂಡ ಕ್ಲಚ್ಚಮ್ಮ ಆ ರಾತ್ರಿ ಬೇಗ ಮಲಗಿದಳು, ಆದರೆ ನಿದ್ದೆ ಬಂತು ಅಂತ ಹೇಳಲಾಗದು.

ಸಿಮೆಂಟು ಒಣಗಿದ ಮೇಲೆ ಬೆಳಗಿನ ಚಹಾ ಮುಗಿಸಿ ಅವಳು ಫೋನು ಮಾಡಿದಳು. ಮಗ ಮೀಟಿಂಗಿನಲ್ಲಿದ್ದ. ಮರುದಿನವೂ ಮಾಡಿದಳು. ಇನ್ನೈದು ನಿಮಿಷ ಎಂದ. ಅವಳು ಕಾರಿನ ಕೀಲಿ ಹಿಡಿದು ಗ್ಯಾರೇಜಿನಲ್ಲಿ ನಿಂತು ಕಾಲು ನೋಯಿಸಿಕೊಂಡಳು. ಅದರ ಮರುದಿನ ಅವಳು ಸ್ನಾನಕ್ಕೆ ಹೋದಾಗ ಬಾಗಿಲು ತಾನಾಗಿಯೇ ತೆರೆದುಕೊಂಡು, ಅವಳು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ತಾನಾಗಿಯೇ ಮುಚ್ಚಿಕೊಂಡಿತಂತೆ. "ತೆಗೆದಿದ್ನಲ್ಲಮ್ಮ, ನೀನೇ ಬರ್ಲಿಲ್ಲ," ಎಂದ ಮಗ ಸಂಜೆ, ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲದೆ.

ಆಗ ಅವಳಿಗೆ ಎಲ್ಲ ಅರ್ಥವಾಯಿತು. ಕಾರಿನ ಕೀಲಿಯನ್ನು ಅವನು ಅವಳ ಕೈಯಿಂದ ಕಿತ್ತುಕೊಳ್ಳಲೇ ಇಲ್ಲ. ಕೀಲಿ ಅವಳ ಹತ್ತಿರವೇ ಇದೆ, ಲೈಸೆನ್ಸೂ ಇದೆ, ಕಾರೂ ಇದೆ. ಬೀದಿಯನ್ನು ಮಾತ್ರ ಅವನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾನೆ. ಸ್ವಂತ ದುಡಿಮೆಯಲ್ಲಿ ಕೊಂಡ ಮನೆಯಿಂದ ಹೊರಗೆ ಹೋಗಲು ಅಪ್ಪಣೆ ಕೇಳುವ ಗತಿ ಬಂತಲ್ಲ! ಕೇಳಬಾರದು, ಇನ್ನು ಒಂದು ಸಲವೂ ಕೇಳಬಾರದು ಎಂದು ಗಟ್ಟಿಯಾಗಿ ಅಂದುಕೊಂಡಳು.

ಮಗ ಕೆಲಸಕ್ಕೆ ಹೋದ ಮೇಲೆ ಅವಳು ಗ್ಯಾರೇಜಿನ ನಡುವೆ ಸೊಂಟಕ್ಕೆ ಕೈ ಕೊಟ್ಟು ನಿಂತು ಚಾವಣಿ ನೋಡಿದಳು. ಕಲಿಯಲು ಬಂದವರಿಗೆ ಅವಳು ಮೊದಲು ಹೇಳಿಕೊಡುತ್ತಿದ್ದದ್ದು ಓಡಿಸುವುದನ್ನಲ್ಲ, ನ್ಯೂಟ್ರಲ್ ಹುಡುಕುವುದನ್ನು. ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪಿಸುವ ಜಾಗ ಒಂದು ಇದ್ದೇ ಇರುತ್ತದೆ. ಅದಿಲ್ಲದ ಯಂತ್ರವನ್ನು ಯಾವ ಪುಣ್ಯಾತ್ಮನೂ ಮಾಡುವುದಿಲ್ಲ. ಕರೆಂಟು ಹೋದರೆ ಜನ ಒಳಗೇ ಕೊಳೆಯಬೇಕೇ? ಈ ಮೋಟರಿಗೂ ಬಾಗಿಲಿಗೂ ಸಂಬಂಧ ತಪ್ಪಿಸುವ ಜಾಗ ಎಲ್ಲಿ? ಕಪ್ಪು ಪೆಟ್ಟಿಗೆಯಿಂದ ಬಾಗಿಲಿನ ತನಕ ಬರುವ ಕಂಬಿಯನ್ನು ಅವಳ ಕಣ್ಣು ಇಂಚಿಂಚಾಗಿ ಸವರಿತು. ಅಲ್ಲಿತ್ತು. ಒಂದು ಕೆಂಪು ಹಗ್ಗ, ತುದಿಗೊಂದು ಹಿಡಿ. ಕೆಳಗೆ ನೇತಾಡಬೇಕಾದ ಹಗ್ಗವನ್ನು ಯಾರೋ ಮೇಲಕ್ಕೆ ಸುತ್ತಿ ತಂತಿಯಿಂದ ಬಿಗಿದಿದ್ದರು. ಯಾರೋ ಅಂದರೆ ಯಾರು? ಆ ಗಂಟು ಅವಳಿಗೆ ಗೊತ್ತು. ಅವನು ಚಿಕ್ಕವನಿದ್ದಾಗ ಬೂಟಿನ ಲೇಸಿಗೂ ಅದನ್ನೇ ಹಾಕುತ್ತಿದ್ದ.

ಅಡುಗೆಮನೆಯಿಂದ ಸ್ಟೂಲು ತಂದು ಹತ್ತಿದಳು. ತಂತಿ ಬಿಚ್ಚಿ ಹಗ್ಗ ಕೆಳಗೆ ಬಿಟ್ಟು, ಇಳಿದು, ಎರಡೂ ಕೈಯಲ್ಲಿ ಎಳೆದಳು. ಟಕ್ ಎಂದಿತು. ಬಾಗಿಲಿನ ಹಿಡಿಗೆ ಕೈ ಹಾಕಿ, ಹಳೆಯ ಮರದ ಬಾಗಿಲಿನ ಭಾರ ನೆನೆದು ಉಸಿರು ಬಿಗಿಹಿಡಿದು ಎತ್ತಿದಳು. ಅದು ಎಷ್ಟು ಹಗುರವಾಗಿತ್ತೆಂದರೆ ಅವಳೇ ಅದರ ಹಿಂದೆ ಮೇಲೆ ಹೋಗಿಬಿಡುವವಳಿದ್ದಳು. ಬೀದಿಯ ಬಿಸಿಲೆಲ್ಲ ಒಮ್ಮೆಗೇ ಒಳಗೆ ಬಂತು.

ಕಾರಿನಲ್ಲಿ ಕೂತು ಕೀಲಿ ತಿರುಗಿಸಿದಳು. ಕಾರು ಗೊರ್ ಎಂದೂ ಅನ್ನಲಿಲ್ಲ. ವಾರಗಟ್ಟಲೆ ನಿಂತು ಬ್ಯಾಟರಿ ಪೂರ್ತಿ ಸತ್ತಿತ್ತು.

ಅಷ್ಟರಲ್ಲಿ ಸೊಸೆ ಓಡಿಬಂದಳು. "ಅತ್ತೆ! ಅವರು ಫೋನ್ ಮಾಡಿದ್ರು. ಬಾಗಿಲು ತೆಗೆದಿದೆ ಅಂತ ಅವರ ಫೋನಲ್ಲಿ ಬಂತಂತೆ. ಹೊರಟಿದ್ದಾರೆ, ಬರ್ತಾ ಇದ್ದಾರೆ."

"ಬರ್ಲಿ. ಅಲ್ಲೀತನಕ ನೀನು ಹಿಂದಿನಿಂದ ತಳ್ಳು."

ಸೊಸೆ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಕಾರಿನ ಹಿಂದೆ ಹೋಗಿ ಎರಡು ಕೈ ಆನಿಸಿ ತಳ್ಳಿದಳು. ಹೊಸ ಸಿಮೆಂಟಿನ ಏರಿನ ತನಕ ಕಾರು ಬಂತು, ಅಲ್ಲಿ ಹಟ ಹಿಡಿದ ಕರುವಿನಂತೆ ನಿಂತಿತು. ಆ ಏರೊಂದು ದಾಟಿದರೆ ಸಾಕು. ಆಚೆ ಬೀದಿಯ ತನಕ ಇಳಿಜಾರು.

ಮಗ ಬಂದಾಗ ಕಾರಿನ ಮೂತಿ ಹೊರಗಿತ್ತು, ಬಾಲ ಒಳಗಿತ್ತು. ಅವನು ತನ್ನ ಕಾರನ್ನು ಬೀದಿಯಾಚೆ ಬಿಟ್ಟು ಓಡಿಬಂದು, ಬಾನೆಟ್ಟಿನ ಎದುರು ಎರಡೂ ಕೈ ಚಾಚಿ ನಿಂತ.

"ಅಮ್ಮ, ಇಳಿ. ಆಮೇಲೆ ನೋಡೋಣ."

"ಇಲ್ಲ. ಇವತ್ತು ನೋಡೋಣ ಆಗಲ್ಲ. ಬೇಡ ಅನ್ನೋದಾದ್ರೆ ನನ್ನ ಮುಖ ನೋಡ್ಕೊಂಡು ಬೇಡ ಅನ್ನು."

ಅವನು ಹಣೆಯ ಬೆವರು ಒರೆಸಿಕೊಂಡ. ಬೋಳಾಗುತ್ತಿರುವ ತಲೆ, ಟೈ ಭುಜದ ಮೇಲೆ.

"ಬೇಡ," ಎಂದ ಕೊನೆಗೆ. "ಬೇಡಮ್ಮ. ನೀನು ಕಾರು ಓಡಿಸೋದು ನಂಗೆ ಬೇಡ."

"ಯಾಕೆ?"

"ಹೆದರಿಕೆ ಆಗುತ್ತೆ. ಆವತ್ತು ಸದ್ದು ಕೇಳಿ ಓಡಿಬಂದೆ. ಗಾಜಿನೊಳಗೆ ನೀನು ಕಾಣ್ಲೇ ಇಲ್ಲ. ಹೋದೆ ಅಂದ್ಕೊಂಡೆ."

"ನಾನು ಬಗ್ಗಿದ್ದೆ. ಅಂಥಾ ಸದ್ದಾದ್ರೆ ಯಾರಾದ್ರೂ ಬಗ್ತಾರೆ."

"ಗೊತ್ತು."

"ಏನು ಗೊತ್ತು?"

ಮಗ ನೆಲ ನೋಡಿದ. "ನೀನು ಗುದ್ದಿಲ್ಲ ಅಂತ. ಸ್ಪ್ರಿಂಗ್ ಮುರಿದಿದ್ದು ಆವತ್ತೇ ನೋಡಿದ್ದೆ. ನೀನು ಗುದ್ದಿದ್ದು ಅಂದ್ರೆ ನೀನಾಗೇ ಬಿಟ್ಟುಬಿಡ್ತೀಯ ಅಂದ್ಕೊಂಡೆ."

ಕಾರಿನ ಹಿಂದಿನಿಂದ ಸೊಸೆ "ಅಯ್ಯೋ, ನಂಗೂ ಹೇಳ್ಲಿಲ್ವಲ್ರೀ," ಎಂದಳು.

ಕ್ಲಚ್ಚಮ್ಮ ಸ್ಟೇರಿಂಗು ಬಿಗಿಯಾಗಿ ಹಿಡಿದು ಕೂತಿದ್ದಳು. ಗೋಡೆ ಹಿಡಿದು ಇಳಿದ ಮೆಟ್ಟಿಲುಗಳೆಲ್ಲ ಅವಳಿಗೆ ನೆನಪಾದವು. ತನ್ನ ಕಾಲನ್ನು ತಾನೇ ಬೈದುಕೊಂಡ ರಾತ್ರಿಗಳು ನೆನಪಾದವು. ಬಾಗಿಲು ಬಿದ್ದದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ಅದು ಬಾನೆಟ್ಟಿನ ಮೇಲೆ ಬಿದ್ದಿತ್ತು, ಇದು ಎದೆಯ ಮೇಲೆ.

"ಕೇಳು," ಎಂದಳು. "ನೀನು ಹೆದರಿದ್ದು ತಪ್ಪಲ್ಲ. ನೀನು ಸ್ಕೂಟರ್ ಕಲಿತ ವರ್ಷ ನಾನೂ ಹೆದರಿದ್ದೆ. ಹೆದರಿಕೊಂಡು ಗೇಟಲ್ಲಿ ನಿಲ್ತಿದ್ದೆ. ಗೇಟಿಗೆ ಬೀಗ ಹಾಕ್ಲಿಲ್ಲ. ನಿನ್ನ ಕಾಲು ಸರಿ ಇಲ್ಲ ಅಂತ ಸುಳ್ಳೂ ಹೇಳ್ಲಿಲ್ಲ. ಹೆದರಿಕೆ ನಿಂದು, ನೀನೇ ಇಟ್ಕೋ. ಬಾಗಿಲು ನಂದು."

ಅವನ ಚಾಚಿದ್ದ ಕೈಗಳು ಕೆಳಗೆ ಬಂದಿದ್ದವು.

"ನಾನು ತಪ್ಪು ಓಡಿಸಿದ ದಿನ ಮುಖಕ್ಕೆ ಹೇಳು. ಕೀಲಿ ನಾನೇ ಕೊಡ್ತೀನಿ. ಈಗ ಒಂದು ಕೈ ಹಾಕು. ಇವಳೊಬ್ಬಳ ಕೈಲಿ ಈ ಏರು ದಾಟ್ತಿಲ್ಲ."

"ಬನ್ರೀ," ಎಂದಳು ಸೊಸೆ ಒಳಗಿನಿಂದ. "ಬ್ಯಾಟರಿ ಸಾಯಿಸಿದವರು ನೀವೇ ತಾನೆ."

ಮಗ ಟೈ ಬಿಚ್ಚಿ ಜೇಬಿಗೆ ತುರುಕಿ, ಕಾರಿನ ಪಕ್ಕ ನುಸುಳಿ ಹಿಂದೆ ಹೋದ. ಕ್ಲಚ್ಚಮ್ಮ ಕೀಲಿ ತಿರುಗಿಸಿ, ಎರಡನೇ ಗೇರಿಗೆ ಹಾಕಿ, ಕ್ಲಚ್ಚು ಒತ್ತಿಹಿಡಿದಳು. ಗಂಡ ಹೆಂಡತಿ ಒಟ್ಟಿಗೆ ತಳ್ಳಿದರು. ಮುಂದಿನ ಚಕ್ರ ಏರು ದಾಟಿತು, ಹಿಂದಿನದೂ ದಾಟಿತು, ಕಾರು ಇಳಿಜಾರಿನಲ್ಲಿ ತಾನಾಗಿಯೇ ಉರುಳಿತು. ಗೇಟಿನ ಹತ್ತಿರ ಅವಳು ಕ್ಲಚ್ಚು ಬಿಟ್ಟಳು. ಕಾರು ಒಮ್ಮೆ ಮುಗ್ಗರಿಸಿ, ಕೆಮ್ಮಿ, ಕಪ್ಪು ಹೊಗೆ ಉಗುಳಿತು, ಎಂಜಿನ್ನು ಶುರುವಾಯಿತು.

"ಅಮ್ಮ, ನಿಲ್ಸು! ನಾನೂ ಬರ್ತೀನಿ!" ಮಗ ಹಿಂದೆ ಓಡಿಬರುತ್ತಿದ್ದ.

ಅವಳು ಕನ್ನಡಿಯಲ್ಲಿ ನೋಡಿದಳು. ಒಂದು ಕೈ ಮೇಲೆತ್ತಿಕೊಂಡು ಬೀದಿಯ ನಡುವೆ ಅವನು, ಅವನ ಹಿಂದೆ ಬರಿಗಾಲಿನಲ್ಲಿ ನಗುತ್ತ ಸೊಸೆ, ಅವಳ ಹಿಂದೆ ಬಾಯಿ ತೆರೆದುಕೊಂಡ ಗ್ಯಾರೇಜು. ತಳ್ಳಿ ಹೊರಡಿಸಿದ ಗಾಡಿಯನ್ನು ಎಂಜಿನ್ನು ಬಿಸಿಯಾಗುವ ತನಕ ಯಾರು ಕರೆದರೂ ನಿಲ್ಲಿಸಬಾರದು. ಇದನ್ನು ಅವನಿಗೆ ಕಲಿಸಿದವಳು ಅವಳೇ. ಕ್ಲಚ್ಚಮ್ಮ ಗೇರು ಬದಲಾಯಿಸಿ, ಬೀದಿಯ ಕೊನೆಯಲ್ಲಿ ಇಂಡಿಕೇಟರು ಹಾಕಿ, ಎಲ್ಲಿಗೆಂದು ಯೋಚಿಸದೆ ಬಲಕ್ಕೆ ತಿರುಗಿದಳು.